ಬಂಡೂರು ಟಗರು ಮತ್ತು ನಮ್ಮ ಬಕ್ರೀದ್

ಕಾಲೇಜು ಪ್ರವಾಸ ಎಂದರೆ ನಮಗೆ ಊಟಿ, ಇಲ್ಲವೇ ಮೈಸೂರು ಮೃಗಾಲಯ. ಈ ಸಲ ಮಳವಳ್ಳಿ ತಾಲ್ಲೂಕಿನ ಧನಗೂರಿಗೆ ಹೋಗೋಣ ಎಂಬುದು ನನ್ನ ಸಲಹೆ. ಅಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಬಂಡೂರು ಕುರಿಯ ಶುದ್ಧ ತಳಿಯನ್ನು ದಶಕಗಳಿಂದ ಉಳಿಸಿಕೊಂಡು ಬಂದಿರುವ ಜಾಗ ಅದು.

ಮಾಮು ಜೊತೆ ನಾನು ಹೋಗಿ ನೋಡಿ ಬಂದೆ. ಗಿಡ್ಡ ಕಾಲು, ಅಗಲವಾದ ಮೈ, ಕೊಂಬಿಲ್ಲದ ತಲೆ. ಹಿಂದಿನಿಂದ ನೋಡಿದರೆ ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗು ಮಾಡಿ ಇಟ್ಟಂತೆ ಕಾಣುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ‘ಮಂಡ್ಯ’ ತಳಿ ಎಂಬ ಹೆಸರು. ಬನ್ನೂರು ಕುರಿ ಎಂದರೂ ಇದೇ. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಸೇರಿರುವುದರಿಂದ ಇದು ರುಚಿಗೆ ಹೆಸರುವಾಸಿ.

ಆ ರುಚಿಯೇ ಅದಕ್ಕೆ ಕಂಟಕ. ಬಕ್ರೀದ್ ಹತ್ತಿರವಾದಂತೆ ಬಂಡೂರು ಟಗರಿನ ಬೆಲೆ ಲಕ್ಷ ದಾಟಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಸಾಕಿದವರಿಗೆ ಆ ಹಣ ಸಿಗಲಿ, ಅದು ಅವರ ದುಡಿಮೆ. ಆದರೆ ಹಿಂಡಿನ ಅತ್ಯುತ್ತಮ ಟಗರೇ ಮಾರಾಟವಾದರೆ ಮುಂದಿನ ಮರಿಗಳಿಗೆ ತಂದೆ ಯಾರು? ಉಳಿದ ಸಾಧಾರಣ ಟಗರು, ಇಲ್ಲವೇ ಬೇರೆ ತಳಿಯದು. ಹೀಗಾದರೆ ಶುದ್ಧ ಬಂಡೂರು ಎಷ್ಟು ದಿನ ಉಳಿದೀತು?

ಇದಕ್ಕೆ ದಾರಿ ನಮ್ಮ ಫಿಕ್ಹ್‌ನಲ್ಲೇ ಇದೆ. ಕುರ್ಬಾನಿಯ ಪ್ರಾಣಿ ಕುರುಡು, ಕುಂಟು, ರೋಗಿ, ತೀರಾ ಬಡಕಲು ಆಗಿರಬಾರದು, ವಯಸ್ಸು ತುಂಬಿರಬೇಕು. ತಳಿಯ ಹೆಸರು, ಬೆಲೆ ಷರತ್ತಲ್ಲ. ಹುಟ್ಟಿನಿಂದ ಕೊಂಬಿಲ್ಲದ್ದೂ ಆಗುತ್ತದೆ, ಬೀಜ ಒಡೆಸಿದ ಟಗರೂ ಆಗುತ್ತದೆ. ಅಂದ ಮೇಲೆ ತಳಿಗೆಂದು ಆರಿಸಿದ ಟಗರನ್ನು ಹಿಂಡಿನಲ್ಲೇ ಬಿಟ್ಟು, ಉಳಿದವನ್ನು ಹಬ್ಬಕ್ಕೆ ಬೆಳೆಸಿ ಎಂದು ಸಾಕುವವರಿಗೆ ಕೊಳ್ಳುವ ನಾವೇ ಹೇಳಬಹುದು. ‘ಒಳ್ಳೆಯದನ್ನೇ ಅಲ್ಲಾಹನಿಗೆ ಕೊಡಬೇಕಲ್ಲವೇ’ ಎಂದು ಹಿರಿಯರು ಕೇಳುತ್ತಾರೆ. ನಿಜ, ಆರೋಗ್ಯವಾದ, ಮೈತುಂಬಿದ ಪ್ರಾಣಿಯನ್ನೇ ಕೊಡೋಣ. ಆದರೆ ಕುರ್ಬಾನಿಯ ತೂಕ ಇರುವುದು ನಿಯ್ಯತ್ತಿನಲ್ಲಿ, ಟಗರಿನ ಬೆಲೆಯನ್ನು ಬೀದಿಗೆಲ್ಲ ಸಾರುವುದರಲ್ಲಿ ಅಲ್ಲ.

ನಮ್ಮದು ವಡೆಯ ಮದ್ದೂರಲ್ಲ, ಗುಂಡ್ಲುಪೇಟೆಯ ಕಾಡಂಚಿನ ಮದ್ದೂರು. ಈ ಕಡೆ ಕುರಿ, ಆಡನ್ನೇ ಕೈಗಾಸಿಗೆ ನಂಬಿದ ಮನೆಗಳಿವೆ. ತಳಿ ಆರಿಸುವುದು, ದಾಖಲೆ ಬರೆಯುವುದು, ರಕ್ತಸಂಬಂಧದ ಟಗರನ್ನು ದೂರ ಇಡುವುದು ಆ ಮನೆಗಳ ಮಕ್ಕಳಿಗೆ ಬದುಕಿನ ವಿದ್ಯೆ. ದ್ವಿತೀಯ ಪಿಯುಸಿಯಲ್ಲಿ ಮೆಂಡೆಲ್‌ನ ಬಟಾಣಿ ಗಿಡ ಓದುತ್ತೇವೆ; ಅದೇ ಪಾಠವನ್ನು ಧನಗೂರಿನಲ್ಲಿ ಕಣ್ಣಾರೆ ನೋಡಬಹುದು.

ಪ್ರಾಂಶುಪಾಲರು ಬಕ್ರೀದಿಗೆ ಮುಂಚೆಯೇ ಒಂದು ದಿನ ಗೊತ್ತು ಮಾಡಿದರೆ ಪಾಠವೂ ಆಯಿತು, ಮನೆಯಲ್ಲಿ ಟಗರು ಕೊಳ್ಳುವಾಗ ಹೇಳಲು ನಮಗೊಂದು ಮಾತೂ ಸಿಕ್ಕಿತು.