ಪಾಚಿಗೆ ವೋಡ್ಕಾ, ಸುಣ್ಣ, ವಿನೆಗರ್: ಮನೆಮದ್ದಿಗೂ ಒಂದು ಲೆಕ್ಕ ಬೇಕು

ಸಮುದ್ರದ ನೀರಿನ ಅಕ್ವೇರಿಯಂ ಇಟ್ಟಿರೋರ ಹತ್ರ ಪಾಚಿ ವಿಷಯ ತೆಗೆದು ನೋಡಿ. ಒಬ್ಬರು ವೋಡ್ಕಾ ಹಾಕಿ ಅಂತಾರೆ, ಇನ್ನೊಬ್ಬರು ವಿನೆಗರ್ ಅಂತಾರೆ. ಸುಣ್ಣದ ತಿಳಿ, ಸಕ್ಕರೆ, ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್, ಮೂರು ದಿನ ಲೈಟ್ ಆರಿಸಿ ಬಟ್ಟೆ ಮುಚ್ಚೋದು, ಹೀಗೆ ಪಟ್ಟಿ ಬೆಳೀತಾನೇ ಹೋಗುತ್ತೆ. ಕೇಳಿದವರಲ್ಲಿ ಅರ್ಧ ಜನ ನಗ್ತಾರೆ, ಇನ್ನರ್ಧ ಜನ ಅವತ್ತು ಸಂಜೆನೇ ಸುರಿದುಬಿಡ್ತಾರೆ. ನಮ್ಮ ಪ್ರಕಾರ ಇಬ್ಬರೂ ಅವಸರ ಮಾಡ್ತಿದಾರೆ. ಈ ಮನೆಮದ್ದುಗಳಲ್ಲಿ ಬಹಳಷ್ಟಕ್ಕೆ ಗಟ್ಟಿ ಕೆಮಿಸ್ಟ್ರಿ ಇದೆ. ಆದರೆ ಸುರಿಯೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಬೇಕು: ಇದರಿಂದ ಟ್ಯಾಂಕಿನಿಂದ ಏನಾದ್ರೂ ಹೊರಗೆ ಹೋಗುತ್ತಾ?

ಯಾಕೆ ಈ ಪ್ರಶ್ನೆ? ನಾವೆಲ್ಲ ಕಲಿತಿರೋ ಮಾಸ್ ಬ್ಯಾಲೆನ್ಸ್ ನೆನಪಿಸಿಕೊಳ್ಳಿ. ಒಳಗೆ ಬಂದದ್ದರಲ್ಲಿ ಹೊರಗೆ ಹೋಗದೆ ಇದ್ದದ್ದು ಒಳಗೇ ಉಳಿಯುತ್ತೆ. ದಿನಾ ಹಾಕೋ ಮೀನಿನ ಆಹಾರದಲ್ಲಿ ಸಾರಜನಕ, ರಂಜಕ ಎರಡೂ ಇವೆ. ಮೀನು ತಿಂದು ಬಿಟ್ಟದ್ದು ನೈಟ್ರೇಟ್, ಫಾಸ್ಫೇಟ್ ಆಗಿ ನೀರಲ್ಲೇ ಇರುತ್ತೆ. ಮೇಲೆ ಜೋರಾದ ಲೈಟ್ ಬೇರೆ. ಪಾಚಿಗೆ ಇನ್ನೇನು ಬೇಕು? ಇದರಲ್ಲಿ ಒಂದು ತಮಾಷೆನೂ ಇದೆ. ಬಂಡೆ ತುಂಬ ಕೂದಲಿನಂಥ ಹಸಿರು ಪಾಚಿ ಇದ್ದರೂ ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ ಬರಬಹುದು. ನೀರು ಶುದ್ಧ ಅಂತಲ್ಲ, ಇದ್ದದ್ದನ್ನೆಲ್ಲ ಪಾಚಿ ಆಗಲೇ ತಿಂದು ಮುಗಿಸಿದೆ ಅಂತ ಅರ್ಥ.

ಈಗ ವೋಡ್ಕಾ ವಿಷಯಕ್ಕೆ ಬರೋಣ. ಆಲ್ಕೋಹಾಲ್ ಪಾಚಿಯನ್ನು ಕೊಲ್ಲಲ್ಲ. ಅದು ಬ್ಯಾಕ್ಟೀರಿಯಾಗಳಿಗೆ ಊಟ. ಆಲ್‌ಫ್ರೆಡ್ ರೆಡ್‌ಫೀಲ್ಡ್ ಎಂಬ ಸಮುದ್ರ ವಿಜ್ಞಾನಿ ಹೇಳಿದ ಒಂದು ಅನುಪಾತ ಇದೆ: ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಇಂಗಾಲ, ಸಾರಜನಕ, ರಂಜಕ ಸರಿಸುಮಾರು 106:16:1ರ ಲೆಕ್ಕದಲ್ಲಿರುತ್ತೆ. ಬ್ಯಾಕ್ಟೀರಿಯಾಗೆ ಇದೇ ಸಂಖ್ಯೆಗಳು ಅನ್ವಯಿಸದಿದ್ದರೂ ತತ್ವ ಒಂದೇ. ಇಂಗಾಲ ಸಿಕ್ಕರೆ ಅವು ಬೆಳೀತವೆ, ಬೆಳೆಯೋದಕ್ಕೆ ನೀರಿನ ನೈಟ್ರೇಟ್, ಫಾಸ್ಫೇಟ್ ಎಳ್ಕೊಳ್ತವೆ. ಆಮೇಲೆ ಪ್ರೋಟೀನ್ ಸ್ಕಿಮ್ಮರ್ ಆ ಬ್ಯಾಕ್ಟೀರಿಯಾಗಳನ್ನು ನೊರೆ ಜೊತೆ ಹೊರಗೆ ಹಾಕುತ್ತೆ. ಸ್ಕಿಮ್ಮರ್ ಇದ್ದರೆ ಈ ಮದ್ದು ಪರೀಕ್ಷೆ ಪಾಸು. ಇಲ್ಲದಿದ್ದರೆ? ಬ್ಯಾಕ್ಟೀರಿಯಾ ಸತ್ತು ಕೊಳೆತು ಎಲ್ಲ ವಾಪಸ್ ನೀರಿಗೇ.

ವಿನೆಗರ್ ಕೂಡ ಇದೇ ಕೆಲಸ ಮಾಡುತ್ತೆ, ಬಲ ಕಡಿಮೆ ಅಷ್ಟೇ. 40% ವೋಡ್ಕಾ, 5% ವಿನೆಗರ್ ಅಂತ ಇಟ್ಟುಕೊಂಡು ನಾವೇ ಇಂಗಾಲದ ಲೆಕ್ಕ ಹಾಕಿದೆವು. 1 ಮಿ.ಲೀ. ವೋಡ್ಕಾ ಅಂದರೆ ಸುಮಾರು 8 ಮಿ.ಲೀ. ವಿನೆಗರ್‌ಗೆ ಸಮ. ನಮ್ಮ ವೋಟು ವಿನೆಗರ್‌ಗೆ. ಬಲ ಕಡಿಮೆ ಇರೋದರಿಂದ ಅಳತೆಯಲ್ಲಿ ಚೂರು ಹೆಚ್ಚುಕಮ್ಮಿ ಆದರೂ ದೊಡ್ಡ ಪೆಟ್ಟು ಬೀಳಲ್ಲ. ಜೊತೆಗೆ, 'ಮೀನಿಗೆ ಸರ್' ಅಂದರೆ ಯಾವ ವಾರ್ಡನ್ ನಂಬ್ತಾರೆ ಹೇಳಿ! ಯಾವುದೇ ಹಾಕಿದರೂ ಸಿರಿಂಜ್‌ನಲ್ಲಿ ಅಳೆದು, ತೀರಾ ಕಮ್ಮಿಯಿಂದ ಶುರು ಮಾಡಿ ವಾರ ವಾರ ಏರಿಸಬೇಕು. ಒಂದೇ ಸಲ ಜಾಸ್ತಿ ಹಾಕಿದರೆ ಬ್ಯಾಕ್ಟೀರಿಯಾ ಸಿಕ್ಕಾಪಟ್ಟೆ ಬೆಳೆದು ನೀರು ಹಾಲಿನ ಥರ ಆಗುತ್ತೆ, ಆಮ್ಲಜನಕ ಇಳಿಯುತ್ತೆ, ಬೆಳಗ್ಗೆ ನೋಡಿದರೆ ಮೀನು ಮೇಲೆ ತೇಲುತ್ತಿರುತ್ತೆ. ಅತಿಯಾದರೆ ಅಮೃತವೂ ವಿಷ ಅನ್ನೋದು ಇಲ್ಲಿ ಗಾದೆ ಅಲ್ಲ, ಪಕ್ಕಾ ಕೆಮಿಸ್ಟ್ರಿ.

ಹೈಡ್ರೋಜನ್ ಪೆರಾಕ್ಸೈಡ್ ಕಥೆ ಬೇರೆ. ಇದು ಪಾಚಿಯನ್ನು ನಿಜವಾಗಿ ಸುಡುತ್ತೆ, ಆಮೇಲೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಸತ್ತ ಪಾಚಿ ಟ್ಯಾಂಕಲ್ಲೇ ಕೊಳೆತರೆ ಅದರಲ್ಲಿದ್ದ ಸಾರಜನಕ, ರಂಜಕ ಮತ್ತೆ ನೀರಿಗೆ ಬರುತ್ತೆ. ಬಂಡೆಯನ್ನೇ ಹೊರಗೆ ತೆಗೆದು, ಹಚ್ಚಿ, ಉಜ್ಜಿ, ತೊಳೆದು ಇಡೋದಾದರೆ ಸರಿ. ಇನ್ನೊಂದು ಅಪಾಯವೂ ಇದೆ. ಹವ್ಯಾಸಿಗಳು ಹೇಳೋ ಅಳತೆಗಳು ಸಾಮಾನ್ಯವಾಗಿ 3% ದ್ರಾವಣದ್ದು. ನಮ್ಮ ಮೆಡಿಕಲ್ ಶಾಪಿನ ಬಾಟಲಿ ಸಾಮಾನ್ಯವಾಗಿ 6%, ಅಂದರೆ '20 ವಾಲ್ಯೂಮ್'. ಲೇಬಲ್ ಓದದೆ ಹಾಕಿದರೆ ನೇರ ಡಬಲ್ ಡೋಸ್. ಸೀಗಡಿಗಳು ಇದನ್ನು ತಡ್ಕೊಳ್ಳಲ್ಲ.

ಸುಣ್ಣದ ತಿಳಿಯನ್ನು ಹವ್ಯಾಸಿಗಳು ಜರ್ಮನ್ ಹೆಸರಲ್ಲಿ 'ಕಾಲ್ಕ್‌ವಾಸರ್' ಅಂತಾರೆ. ಹೆಸರು ದೊಡ್ಡದು, ವಸ್ತು ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹವಳಕ್ಕೆ ಕ್ಯಾಲ್ಸಿಯಂ ಕೊಡುತ್ತೆ, ಸ್ವಲ್ಪ ಫಾಸ್ಫೇಟನ್ನೂ ಕೆಳಗೆ ಕೂರಿಸುತ್ತೆ. ಆದರೆ ಅದರ ಪಿಎಚ್ 12ರ ಮೇಲೆ, ಟ್ಯಾಂಕಿಗೆ ಬೇಕಾದದ್ದು 8.1ರಿಂದ 8.4. ಹಾಗಾಗಿ ಹನಿ ಹನಿಯಾಗಿ ಮಾತ್ರ. ವೀಳ್ಯದೆಲೆಗೆ ಹಚ್ಚೋ ಸುಣ್ಣ ಬೇಡವೇ ಬೇಡ, ಅದರಲ್ಲಿ ಬೇರೆ ಏನೇನಿದೆ ಅಂತ ಡಬ್ಬಿ ಹೇಳಲ್ಲ.

ಒಂದು ಮದ್ದನ್ನಂತೂ ನಾವು ಪೂರ್ತಿ ವಿರೋಧಿಸ್ತೀವಿ: ಕೆಂಪು ಲೋಳೆಗೆ ಎರಿಥ್ರೋಮೈಸಿನ್ ಮಾತ್ರೆ. ಕೆಂಪು ಲೋಳೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದಕ್ಕೇ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತೆ, ನಿಜ. ಆದರೆ ಆ ನೀರು ಕೊನೆಗೆ ಹೋಗೋದು ಚರಂಡಿಗೆ. ಮನುಷ್ಯರನ್ನು ಉಳಿಸೋ ಔಷಧಿಗೆ ರೋಗಾಣುಗಳು ಬಗ್ಗದ ಹಾಗೆ ಆಗ್ತಿರೋ ಕಾಲದಲ್ಲಿ ಅದನ್ನು ಟ್ಯಾಂಕಿನ ಅಂದಕ್ಕೆ ಖರ್ಚು ಮಾಡೋದು ಯಾವ ನ್ಯಾಯ?

ಹಾಗಾದರೆ ಬೆಸ್ಟ್ ಯಾವುದು? ನಾವು ಹೇಳೋದು ಪ್ಲಾಸ್ಟಿಕ್ ಜಾಲರಿ. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ರೂಪಿಸಿದ 'ಆಲ್ಗಲ್ ಟರ್ಫ್ ಸ್ಕ್ರಬ್ಬರ್' ಇದರ ಮೂಲ. ಒರಟು ಜಾಲರಿಯ ಮೇಲೆ ಟ್ಯಾಂಕಿನ ನೀರು ಹರಿಸಿ, ಅದಕ್ಕೆ ಜೋರು ಬೆಳಕು ಕೊಡಿ. ಪಾಚಿ ಅಲ್ಲಿ ದಟ್ಟವಾಗಿ ಬೆಳೆದು ಪೋಷಕಾಂಶ ಹೀರ್ಕೊಳ್ಳುತ್ತೆ, ಟ್ಯಾಂಕಿನ ಪಾಚಿಗೆ ಉಳಿಯೋದು ಕಮ್ಮಿ. ವಾರಕ್ಕೊಮ್ಮೆ ಜಾಲರಿ ತೆಗೆದು ಕೆರೆದು ಎಸೆದರೆ ಲೆಕ್ಕ ಚುಕ್ತಾ. ಪಂಪು, ಪೈಪು, ಎಲ್‌ಇಡಿ ಇದ್ದರೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಹುಡುಗರು ಸೇರಿ ಒಂದು ವೀಕೆಂಡಲ್ಲಿ ಮಾಡಬಹುದು. ಅದೂ ಆಗದಿದ್ದರೆ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ, ಪೈಪಲ್ಲಿ ಎಳೆದು ತೆಗೀರಿ. ಇದನ್ನು ಯಾರೂ ಹೊಗಳಲ್ಲ, ಆದರೆ ನಮ್ಮ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆ ಇಲ್ಲ.

ಕೆರೆದದ್ದನ್ನು ಎಲ್ಲಿ ಎಸೀತೀರಿ ಅನ್ನೋದೂ ಮುಖ್ಯ. ಅಕ್ವೇರಿಯಂಗಳಲ್ಲಿ ಬೆಳೆಸ್ತಿದ್ದ ಕೌಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೋ ಬಳಿ ಸಮುದ್ರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್‌ನಲ್ಲಿ ಹಬ್ಬಿತು. 2000ದಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಾಗ ಟಾರ್ಪಾಲಿನ್ ಮುಚ್ಚಿ, ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ಹೋಯಿತು ಅಂತ ಘೋಷಿಸಿದ್ದು 2006ರಲ್ಲಿ. ಮಂಗಳೂರು, ಕಾರವಾರದ ಕಡೆಯ ಗೆಳೆಯರು ಇದನ್ನು ವಿಶೇಷವಾಗಿ ನೆನಪಿಟ್ಟುಕೊಳ್ಳಿ. ಪಾಚಿಯನ್ನು ಒಣಗಿಸಿ ಕಸಕ್ಕೆ ಹಾಕಿ, ಹೊಳೆಗಾಗಲಿ ಕಡಲಿಗಾಗಲಿ ಬೇಡ.

ಮನೆಮದ್ದು ಮಾಡೋರಿಗೆ ನಮ್ಮ ಕೋರಿಕೆ ಇಷ್ಟೇ. ಒಂದು ಸಲಕ್ಕೆ ಒಂದೇ ಮದ್ದು. ದಿನಾಂಕ, ಅಳತೆ, ನೈಟ್ರೇಟ್, ಫಾಸ್ಫೇಟ್ ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಲ್ಯಾಬ್ ರೆಕಾರ್ಡ್‌ನಲ್ಲಿ ರೀಡಿಂಗ್ ಕಾಪಿ ಹೊಡೆದರೆ ಹೋಗೋದು ಮಾರ್ಕ್ಸ್ ಮಾತ್ರ. ಇಲ್ಲಿ ಅಂದಾಜಿನ ಮೇಲೆ ಸುರಿದರೆ ಹೋಗೋದು ಜೀವ.