ಡಿಆರ್‌ಓ ಲೇತಿಗೋ, ಮಿಲ್ಲಿಂಗಿಗೋ?

ಮೊದಲೇ ಹೇಳಿಬಿಡ್ತೀನಿ, ನಮ್ಮ ಕೃಷ್ಣರಾಜನಗರದಲ್ಲಿ 'ಮಿಲ್' ಅಂದ್ರೆ ಅಕ್ಕಿ ಮಿಲ್ಲು. ನಾನಿಲ್ಲಿ ಬರೀತಿರೋದು ಕಬ್ಬಿಣ ಕೊರೆಯೋ ಮಿಲ್ಲಿಂಗ್ ಮಷೀನಿನ ಬಗ್ಗೆ :-) ಎರಡಕ್ಕೂ ಸಂಬಂಧ ಇಲ್ಲದೇ ಇಲ್ಲ. ಅಕ್ಕಿ ಮಿಲ್ಲಿನ ಶಾಫ್ಟ್ ಸವೆದರೆ, ಪಂಪ್‌ಸೆಟ್ಟಿನ ಬೇರಿಂಗ್ ಸಡಿಲ ಆದರೆ ಅದು ಬರೋದು ನಮ್ಮ ಸೋದರಮಾವನ ಮನೆ ಹಿಂದಿನ ಶೆಡ್ಡಿಗೆ. ಅಲ್ಲೊಂದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಇದೆ, ಪಕ್ಕದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಿಲ್ಲಿಂಗ್ ಮಷೀನು. 1941ರಲ್ಲಿ ಹುಟ್ಟಿದ ಆ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಲೇತ್ ಮಾತ್ರ ತಿರುಗ್ತಾನೇ ಇದೆ.

ಈಗ ಮಾವನ ಮಗನ ಹಠ ಏನಪ್ಪಾ ಅಂದ್ರೆ, ಲೇತಿಗೆ ಡಿಆರ್‌ಓ ಹಾಕಿಸಬೇಕು. ಡಿಆರ್‌ಓ ಅಂದ್ರೆ ಡಿಜಿಟಲ್ ರೀಡ್‌ಔಟ್. ಕೈಚಕ್ರದ ಡಯಲ್ ತೋರಿಸೋದು ಸ್ಕ್ರೂ ಎಷ್ಟು ತಿರುಗಿತು ಅಂತ. ಡಿಆರ್‌ಓ ತೋರಿಸೋದು ಸ್ಲೈಡ್ ನಿಜಕ್ಕೂ ಎಷ್ಟು ಸರಿಯಿತು ಅಂತ. ಗಾಜಿನ ಪಟ್ಟಿ ಮೇಲೆ ಸಾಮಾನ್ಯವಾಗಿ 20 ಮೈಕ್ರಾನಿಗೊಂದು ಗೆರೆ, ಅದನ್ನ ನಾಲ್ಕು ಭಾಗ ಮಾಡಿ 5 ಮೈಕ್ರಾನ್ ಓದುತ್ತೆ. ಎರಡು ಮಷೀನಿಗೂ ಹಾಕಿಸೋಷ್ಟು ದುಡ್ಡಿಲ್ಲ. ಸುಗ್ಗಿ ಮುಗಿದ ಮೇಲೆ ಮಿಲ್ಲಿನವರು ಕೊಟ್ಟ ಹಳೇ ಬಾಕಿಯಲ್ಲಿ ಒಂದು ಬರುತ್ತೆ, ಅಷ್ಟೆ. ತಪ್ಪು ಮಷೀನಿಗೆ ಹಾಕಿದರೆ ಮುಂದಿನ ಸುಗ್ಗಿವರೆಗೆ ಕಾಯಬೇಕು.

ನನ್ನ ಮಾತು ಇಷ್ಟೇ: ಲೇತಿಗೆ ಬೇಡ, ಮಿಲ್ಲಿಂಗಿಗೆ ಹಾಕ್ಸಿ. (ಕೀಬೋರ್ಡ್ ಕುಟ್ಟೋನಿಗೆ ಇದೆಲ್ಲ ಏನು ಗೊತ್ತು ಅಂತ ಅತ್ತೆ ಆಗಲೇ ನಕ್ಕಾಗಿದೆ!)

ಯಾಕೆ ಅಂತೀರಾ? 6308 ಬೇರಿಂಗನ್ನೇ ತಗೊಳ್ಳಿ, ಒಳವ್ಯಾಸ 40 ಮಿಮೀ. ಶಾಫ್ಟಿಗೆ ಕೆ6 ಫಿಟ್ ಬೇಕು ಅಂದ್ರೆ ಅಳತೆ 40.002ರಿಂದ 40.018ರ ಒಳಗಿರಬೇಕು. ಒಟ್ಟು ಸಿಗೋ ಜಾಗ 16 ಮೈಕ್ರಾನ್. 5 ಮೈಕ್ರಾನಿನ ಸ್ಕೇಲ್ ಕ್ರಾಸ್ ಸ್ಲೈಡಿಗೆ ಹಾಕಿದರೆ ವ್ಯಾಸದಲ್ಲಿ ಅದರ ಒಂದು ಹೆಜ್ಜೆಯೇ 10 ಮೈಕ್ರಾನ್! 1 ಮೈಕ್ರಾನಿಂದು ತಂದರೂ ಟೂಲಿನ ಮೂತಿ ಸವೆದದ್ದು, ಶಾಫ್ಟ್ ಬಾಗಿದ್ದು ಸ್ಕೇಲಿಗೆ ಹೇಗೆ ಗೊತ್ತಾಗಬೇಕು? ಅಳೆಯೋ ಗೆರೆಯಲ್ಲೇ ಸ್ಕೇಲ್ ಇರಬೇಕು ಅಂತ ಜರ್ಮನಿಯ ಅರ್ನ್ಸ್ಟ್ ಅಬೆ 1890ರಲ್ಲೇ ಹೇಳಿದ್ದ. ಇಲ್ಲಿ ಸ್ಕೇಲ್ ಒಂದು ಕಡೆ, ಟೂಲಿನ ಮೂತಿ ಇನ್ನೊಂದು ಕಡೆ. ಕೊನೆಗೆ ಮಷೀನ್ ನಿಲ್ಲಿಸಿ ಮೈಕ್ರೋಮೀಟರ್ ಹಿಡಿಯಲೇಬೇಕು. ಮಾವ ಅದನ್ನೇ ತಾನೆ ಮಾಡ್ತಿರೋದು? ಟಾಪ್ ಸ್ಲೈಡನ್ನ ಲೇತಿನ ಉದ್ದಕ್ಕೆ 5.7 ಡಿಗ್ರಿ ಓರೆ ಇಟ್ಕೊಂಡು, 0.1 ಮಿಮೀ ಸರಿಸಿದರೆ ಟೂಲ್ ಒಳಕ್ಕೆ ಹೋಗೋದು 0.01 ಮಾತ್ರ. ಬಿಟ್ಟಿ ಉಪಾಯ. ಸ್ಕ್ರೂವಿನ ಸಡಿಲ ಅಂತೀರೇನೋ... ಲೇತಿನಲ್ಲಿ ಟೂಲನ್ನ ಯಾವಾಗಲೂ ಒಂದೇ ಕಡೆಯಿಂದ ಒಳಕ್ಕೆ ತಳ್ತೀವಿ, ಆ ಸಡಿಲ ಅಷ್ಟಾಗಿ ಕಾಡಲ್ಲ.

ಮಿಲ್ಲಿಂಗಿನ ಕಥೆಯೇ ಬೇರೆ. 50 ಮಿಮೀ ತ್ರಿಜ್ಯದ ವೃತ್ತದಲ್ಲಿ ಆರು ತೂತು ಹಾಕಬೇಕು ಅಂದ್ಕೊಳ್ಳಿ. ಒಂದು ತೂತಿನ ಜಾಗ ಮಧ್ಯದಿಂದ 25 ಆ ಕಡೆ, 43.30 ಈ ಕಡೆ. 5 ಮಿಮೀ ಪಿಚ್ಚಿನ ಸ್ಕ್ರೂನಲ್ಲಿ 43.30 ಅಂದ್ರೆ ಎಂಟು ಸುತ್ತು, ಮೇಲೆ 3.30. ಮಧ್ಯೆ ಯಾರೋ 'ಕೆಲಸ ಆಯ್ತಾ' ಅಂತ ಬಂದು ನಿಂತರು, ಒಂದು ಸುತ್ತು ಎಣಿಕೆ ತಪ್ಪಿತು, ತೂತು 5 ಮಿಮೀ ಆಚೆ! ಮೈಕ್ರೋಮೀಟರ್ ಹಿಡಿದು ಏನು ಮಾಡ್ತೀರಿ, ಕೊರೆದ ತೂತನ್ನ ವಾಪಸ್ ಮುಚ್ಚೋಕಾಗುತ್ತಾ? ಮೇಲಾಗಿ ಟೇಬಲ್ ಹಿಂದೆ ಮುಂದೆ ಎರಡೂ ಕಡೆ ಓಡಾಡುತ್ತೆ, ಪ್ರತಿಸಲ ಸಡಿಲ ತೆಗೀತಾ ಕೂರಬೇಕು. ಡಿಆರ್‌ಓಗೆ ತ್ರಿಜ್ಯ, ತೂತಿನ ಸಂಖ್ಯೆ ಕೊಟ್ಟುಬಿಟ್ಟರೆ ಆಯ್ತು, ಸೊನ್ನೆ ಬರೋವರೆಗೆ ಚಕ್ರ ತಿರುಗಿಸಿದರೆ ಮುಗೀತು.

ಲೇತಿನ ಉದ್ದದ ಅಳತೆಗೆ ಡಿಆರ್‌ಓ ಅನುಕೂಲ, ಒಪ್ತೀನಿ. ಅದಕ್ಕೆ ಮ್ಯಾಗ್ನೆಟಿಕ್ ಸ್ಟ್ಯಾಂಡಲ್ಲಿ ಒಂದು ಡಯಲ್ ಗೇಜ್ ಕೂರಿಸಿದರೂ ನಡೆಯುತ್ತೆ. ಅದು ಶೆಡ್ಡಲ್ಲಿ ಆಗಲೇ ಇದೆ.

ಮಾವ ತಲೆ ಆಡಿಸಿದ್ದಾರೆ, ಮಗ ಇನ್ನೂ ಒಪ್ಪಿಲ್ಲ. ಈಗಿನ ಪ್ರಶ್ನೆ ಗಾಜಿನ ಸ್ಕೇಲೋ, ಮ್ಯಾಗ್ನೆಟಿಕ್ಕೋ ಅನ್ನೋದು. ಮಾವ ಬೀಡುಕಬ್ಬಿಣ ಜಾಸ್ತಿ ಕೊರೀತಾರೆ, ಶೆಡ್ಡಿನ ತುಂಬ ಕಪ್ಪು ಪುಡಿ. ಮ್ಯಾಗ್ನೆಟಿಕ್ ಪಟ್ಟಿಗೆ ಅದು ಅಂಟಿಕೊಂಡು ಕಾಟ ಕೊಡುತ್ತಾ? ಹಾಕಿಸಿದವರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.