ಮನೆ ಕಟ್ಟಿದವರ ಹೆಸರು

ಬೆಂಗಳೂರಿನ ಬಸವನಗುಡಿಯ ಹೆಸರು ಕೇಳಿದೊಡನೆ ಸದ್ಭಕ್ತರಲ್ಲಿ ಅನೇಕರು ಕಲ್ಯಾಣದ ಬಸವಣ್ಣನವರನ್ನು ನೆನೆಯುವುದುಂಟು. ಆದರೆ ಆ ಹೆಸರಿಗೆ ಮೂಲ ಅಲ್ಲಿನ ಏಕಶಿಲೆಯ ದೊಡ್ಡ ನಂದಿ. ಆ ಗುಡಿ ಕೆಂಪೇಗೌಡರ ಕಾಲದ್ದೆಂಬುದು ಐತಿಹ್ಯ. ಸುತ್ತಲಿನ ಬಡಾವಣೆಯಾದರೋ ಈಚಿನದು. 1898ರಲ್ಲಿ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಪ್ಲೇಗು ಹಬ್ಬಿದ ಬಳಿಕ, ಗಾಳಿ ಬೆಳಕುಗಳಿಗೆ ಎಡೆಯಿರುವ ವಸತಿಯಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು.

ಇವುಗಳನ್ನು ಕಟ್ಟಿದವರಾರು? ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ ಉತ್ತರ ಸುಲಭ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವು ಆಟೋ ಕೋನಿಗ್ಸ್‌ಬರ್ಗರ್ ಅವರ ರಚನೆ. ನಾಜಿಗಳ ಕಾಟದಿಂದ ಜರ್ಮನಿಯನ್ನು ತೊರೆದ ಈ ಯೆಹೂದಿ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಅವರ ಕೃತಿಗಳನ್ನು ಕುರಿತು ಗ್ರಂಥಗಳೇ ಇವೆ.

ಸಾಮಾನ್ಯ ಗೃಹಸ್ಥರ ಮನೆಗಳ ಸಂಗತಿ ಹಾಗಲ್ಲ. ಗಾರೆಯ ಗೋಡೆ, ಮುಂದಣ ಜಗಲಿ, ಕಿಟಕಿಯ ಮೇಲೆ 'ಮಂಕಿ ಟಾಪ್' ಎಂದು ರೂಢಿಯಲ್ಲಿರುವ ಚೂಪಾದ ಮರದ ಮಾಡ, ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಫಲವಿದು. ಆ ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದನ್ನು ಹೊದಿಸಿದ ಮೇಸ್ತ್ರಿಯ, ಮಾಡವನ್ನು ಕೆತ್ತಿದ ಬಡಗಿಯ ಹೆಸರು ಎಲ್ಲಿಯೂ ಇರುವುದಿಲ್ಲ.

ಶರಣರಾದರೋ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ತಮ್ಮ ಕಾಯಕದೊಡನೆಯೇ ಲೋಕಕ್ಕೆ ಪರಿಚಿತರಾದರು. ಕಾಯಕವನ್ನು ಕೈಲಾಸವೆಂದು ನಂಬಿದ ಪರಂಪರೆಯ ನಾವು, ನಮ್ಮ ತಲೆಯ ಮೇಲೆ ನೆರಳು ಕಟ್ಟಿದ ಕಾಯಕಜೀವಿಯ ಹೆಸರನ್ನು ಮರೆಯುವುದು ಉಚಿತವೇ?

ಆ ಹೆಸರು ಸರ್ಕಾರದ ದಫ್ತರಿನಲ್ಲಿ ಸಿಗುವುದು ಅಪರೂಪ. ಕ್ರಯಪತ್ರವು ನಿವೇಶನದ ಎಲ್ಲೆಯನ್ನೂ ಮಾಲೀಕನನ್ನೂ ಹೇಳೀತು, ಕಟ್ಟಿದವನನ್ನು ಹೇಳದು. ಅದಕ್ಕೆ ನೋಡಬೇಕಾದದ್ದು ಅಜ್ಜನವರು ಬರೆದಿಟ್ಟ ಲೆಕ್ಕದ ಪುಸ್ತಕವನ್ನು. ಸುಣ್ಣ, ಮರಳು, ತೇಗದ ತೊಲೆಗಳ ಖರ್ಚಿನ ನಡುವೆ ಕೂಲಿ ಪಡೆದವರ ಹೆಸರು ಇರಬಹುದು. ಮಂಜೂರಾದ ನಕ್ಷೆಯ ಮೂಲೆಯಲ್ಲಿ ಅದನ್ನು ಬರೆದವರ ರುಜು ಇರಬಹುದು. ಗೃಹಪ್ರವೇಶದ ಭಾವಚಿತ್ರದ ಅಂಚಿನಲ್ಲಿ ನಿಂತವನೇ ಮೇಸ್ತ್ರಿಯಾಗಿರಬಹುದು. ಅವನನ್ನು ಗುರುತಿಸಬಲ್ಲವರು ಮನೆಯ ಹಿರಿಯ ತಾಯಂದಿರು ಮಾತ್ರ.

ಹಳೆಯ ಮನೆ ಕೆಡವುವಾಗ ಬಾಗಿಲು, ತೊಲೆಗಳಿಗೆ ಬೆಲೆ ಕಟ್ಟುತ್ತೇವೆ. ಕಾಗದದ ಕಟ್ಟನ್ನು ಗುಜರಿಗೆ ಹಾಕುತ್ತೇವೆ. ಬಸವನಗುಡಿಯಾಗಲಿ, ತಮ್ಮ ಊರಿನ ಪೇಟೆಯಾಗಲಿ, ಸದ್ಭಕ್ತರು ಇಷ್ಟನ್ನು ಮಾಡಬೇಕು: ಕೆಡವುವ ಮುನ್ನ ಮನೆಯ ಅಳತೆ ತೆಗೆದು, ಚಿತ್ರ ಹಿಡಿದು, ಕಾಗದಗಳನ್ನು ಓದಿಸಿ, ಕಟ್ಟಿದವರ ಹೆಸರು ಸಿಕ್ಕರೆ ಬರೆದಿಡಬೇಕು. ಹೊಸ ಮನೆ ಕಟ್ಟಿಸುವವರು ಯಜಮಾನರ ಹೆಸರಿನ ಕಲ್ಲಿನಲ್ಲಿಯೇ ಮೇಸ್ತ್ರಿಯ ಹೆಸರಿಗೂ ಒಂದು ಸಾಲು ಬಿಡಲಿ.